ವರ್ನಾಳ ಬಾಗಿಲಿಲ್ಲದ ಕಪಾಟುಗಳು

ವರ್ನಾ ಟೊರ್ವಿಕ್ ನಮ್ಮ ಹಿತ್ತಿಲ ಓಣಿಯ ಆಚೆ ಬದಿಯ ಮನೆಯವಳು. ಅಮೆರಿಕದ ಉತ್ತರದ ನಮ್ಮೂರು ಡುಲೂತ್‌ನ ಗುಡ್ಡದ ರಸ್ತೆಗಳಲ್ಲಿ ಅರ್ಧ ಆಯುಷ್ಯ ಶಾಲೆಯ ಬಸ್ಸು ಓಡಿಸಿದ ಹೆಂಗಸು. ಯೋಚನೆ ಮಾಡುತ್ತ ಕೂರುವ ಜಾಯಮಾನ ಅವಳದಲ್ಲ. ಒಂದು ಜನವರಿಯ ಬೆಳಿಗ್ಗೆ ರಸ್ತೆಯೆಲ್ಲ ಹೆಪ್ಪುಗಟ್ಟಿ ಗಾಜಾಗಿದ್ದಾಗ ಇಳಿಜಾರಿನಲ್ಲಿ ಬಸ್ಸಿನ ಬ್ರೇಕು ಹಿಡಿಯಲಿಲ್ಲ. ಕೆಳಗೆ ಕಾರುಗಳು ತುಂಬಿದ ಚೌಕ. ವರ್ನಾ ಕಣ್ಣು ಮಿಟುಕಿಸುವಷ್ಟರಲ್ಲಿ ಸ್ಟೀರಿಂಗ್ ತಿರುಗಿಸಿ ಪಾದ್ರಿಗಳ ಮನೆಯ ಬೇಲಿ ಮುರಿದು ಒಳಗಿನ ಹಿಮದ ಗುಡ್ಡೆಗೆ ಬಸ್ಸನ್ನು ನುಗ್ಗಿಸಿ ನಿಲ್ಲಿಸಿದಳು. ಒಂದು ಮಗುವಿಗೂ ತರಚುಗಾಯವಾಗಲಿಲ್ಲ. ಪಾದ್ರಿಗಳು ರಾತ್ರಿಯ ಉಡುಪಿನಲ್ಲೇ ಓಡಿಬಂದು ಬೇಲಿ ನೋಡಿ ಬಾಯಿ ತೆರೆದರೆ, “ಬೇಲಿಗೆ ಇನ್ನೊಂದು ಬೇಲಿ ಸಿಗುತ್ತೆ ಪಾದ್ರಿಗಳೇ, ಈ ಮಕ್ಕಳಿಗೆ ಬದಲಿ ಮಕ್ಕಳನ್ನ ಎಲ್ಲಿಂದ ತರ್ಲಿ? ಮೊದ್ಲು ಎಲ್ರಿಗೂ ಬಿಸಿ ಕೋಕೋ ಕಾಯಿಸಿ,” ಅಂದಳಂತೆ. ಹಾರ್ಲನ್‌ನನ್ನು ಮದುವೆಯಾಗಲು ಕೂಡ ಅವಳು ಒಂದು ಕುಣಿತ ಮುಗಿಯುವುದರೊಳಗೆ ತೀರ್ಮಾನಿಸಿದ್ದಳು. ಕುಣಿತ ಮುಗಿದದ್ದು ಹಾರ್ಲನ್‌ಗೆ ಗೊತ್ತಾಗುವ ಮೊದಲೇ ಮದುವೆಯ ತಿಂಗಳು ಗೊತ್ತಾಗಿತ್ತು.

ಇಂಥ ವರ್ನಾ ತನ್ನ ಅಡುಗೆಮನೆಯ ಕಪಾಟುಗಳ ಮುಂದೆ ಬಂದಾಗ ಮಾತ್ರ ದಾರಿ ತಪ್ಪಿದ ಕುರಿಮರಿಯಾಗುತ್ತಿದ್ದಳು.

ಆ ಮನೆ ಮಹಾಯುದ್ಧ ಮುಗಿದ ಹೊಸದರಲ್ಲಿ ಹಾರ್ಲನ್‌ನ ಚಿಕ್ಕಪ್ಪ ಕಟ್ಟಿದ್ದು. ಕಪಾಟುಗಳನ್ನೂ ಆತನೇ ಗೋಡೆಗೆ ಒರಗಿಸಿ ಬರ್ಚ್ ಹಲಗೆಯಲ್ಲಿ ಮಾಡಿದ್ದ. ಆಮೇಲೆ ಅದಕ್ಕೆ ಹಸಿರು ಬಣ್ಣ ಬಂತು, ಹಸಿರಿನ ಮೇಲೆ ಹಳದಿ, ಹಳದಿಯ ಮೇಲೆ ಬಿಳಿ. ಒಲೆಯ ಪಕ್ಕದ ಬಾಗಿಲನ್ನು ಮುಟ್ಟಿದರೆ ಬೆರಳು ಅಂಟುತ್ತಿತ್ತು. ಚಮಚದ ಡ್ರಾಯರು ತೆರೆಯಬೇಕೆಂದರೆ ಪಕ್ಕದ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿಯಬೇಕು. ಮನೆಗೆ ಬಂದವರೆಲ್ಲ ಇದನ್ನು ಕಲಿತಿದ್ದರು, ಪಾದ್ರಿಗಳೂ ಸೇರಿ.

“ಈ ವರ್ಷ ಏನಾದ್ರೂ ಮಾಡ್ಲೇಬೇಕು,” ಎಂದು ವರ್ನಾ ಪ್ರತಿ ವಸಂತದಲ್ಲೂ ಹೇಳುತ್ತಿದ್ದಳು. ಏನು ಮಾಡಬೇಕು ಎಂಬುದಕ್ಕೆ ಮೂರು ಜನ ಮೂರು ದಾರಿ ತೋರಿಸುತ್ತಿದ್ದರು.

ಮೊದಲನೆಯವನು ಗಂಡ. ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಹಾರ್ಲನ್‌ಗೆ ಲೋಕದ ಎಲ್ಲ ತೊಂದರೆಗೂ ಮದ್ದು ಒಂದು ಡಬ್ಬಿ ಬಣ್ಣ. “ಬಾಗಿಲು ಬಿಚ್ಚೋದು, ಉಪ್ಪು ಕಾಗದ ಹಾಕಿ ಉಜ್ಜೋದು, ಬಳಿಯೋದು. ಇದಕ್ಕೆ ಇಷ್ಟು ತಲೆ ಯಾಕೆ ಕೆಡಿಸ್ಕೋತೀಯ?” ಎನ್ನುವನು.

ಎರಡನೆಯವಳು ಅಕ್ಕ ರೊವೀನಾ. ಮಿನಿಯಾಪೊಲಿಸ್ ಕಡೆ ಇರುವವಳು, ತನ್ನ ಅಡುಗೆಮನೆಯನ್ನು ಬುಡಸಮೇತ ಕಿತ್ತು ಹೊಸದು ಮಾಡಿಸಿಕೊಂಡವಳು. “ಎಲ್ಲಾ ಕಿತ್ತು ಬಿಸಾಕೇ. ಸುಕ್ಕಿನ ಮೇಲೆ ಪೌಡರ್ ಬಳಿದ್ರೆ ವಯಸ್ಸು ಹೋಗುತ್ತಾ?” ಎಂಬುದು ಅವಳ ವಾದ. ಆ ಕೆಲಸ ನಡೆಯುತ್ತಿದ್ದಾಗ ಒಂದು ಇಡೀ ಚಳಿಗಾಲ ತಾನು ಸ್ನಾನದ ತೊಟ್ಟಿಯಲ್ಲಿ ತಟ್ಟೆ ತೊಳೆದದ್ದನ್ನು ಮಾತ್ರ ರೊವೀನಾ ಹೇಳುತ್ತಿರಲಿಲ್ಲ. ಅದನ್ನು ಅವಳ ಗಂಡ ಹೇಳುತ್ತಿದ್ದ.

ಮೂರನೆಯವನು ಮೇಸ್ತ್ರಿ ಕಿವೆಲಾ. ಫಿನ್‌ಲೆಂಡ್ ಮೂಲದವರು ಮಾತು ಕಡಿಮೆ ಎಂದು ನಮ್ಮೂರಿನಲ್ಲಿ ಹೇಳುವುದುಂಟು. ಹಾಗೆ ಹೇಳಿದವರು ಕಿವೆಲಾನನ್ನು ಕಾಫಿಗೆ ಕರೆದವರಲ್ಲ. ಅವನು ಕಪಾಟುಗಳನ್ನು ಬೆರಳಿನಿಂದ ಬಡಿದು, ಒಳಗೆ ತಲೆ ತೂರಿಸಿ, ಆ ತಲೆ ಹೊರಗೆ ಬರುವ ಮೊದಲೇ ಮಾತು ಶುರುಮಾಡಿದ. “ಒಳಗಿನ ಪೆಟ್ಟಿಗೆ ಕಲ್ಲಿನ ಹಾಗಿದೆ, ಇದನ್ನ ಕೀಳೋದು ಪಾಪ. ಬಾಗಿಲು, ಡ್ರಾಯರಿನ ಮುಖ ಹೊಸದು ಹಾಕೋಣ. ಚೌಕಟ್ಟಿನ ಮೇಲೆ ತೆಳು ಮರದ ಹಾಳೆ ಅಂಟಿಸೋಣ. ಮೈ ಹಳೇದು, ಮುಖ ಹೊಸದು. ನನ್ನ ಭಾವನ ಮನೇಲಿ ಹೀಗೇ ಮಾಡಿದ್ದು…” ಎಂದು ಭಾವನ ಮನೆಗೆ ಹೋದವನು, ಅಲ್ಲಿಂದ ಭಾವನ ದೋಣಿಗೆ, ದೋಣಿಯಿಂದ ಮೀನಿಗೆ ಹೋದ. ಹಾರ್ಲನ್ ಕುರ್ಚಿಯಲ್ಲೇ ತೂಕಡಿಸಿದ.

ವರ್ನಾಳ ಕಷ್ಟವೆಂದರೆ, ಕೊನೆಗೆ ಮಾತಾಡಿದವರು ಯಾರೋ ಅವರೇ ಸರಿ ಎನ್ನಿಸುತ್ತಿತ್ತು. ಸೋಮವಾರ ಬಣ್ಣ. ರೊವೀನಾಳ ಫೋನು ಬಂದರೆ ಹೊಸ ಅಡುಗೆಮನೆ. ಕಿವೆಲಾ ಅಂಗಡಿಯ ಮುಂದೆ ಸಿಕ್ಕರೆ ಮರದ ಹಾಳೆ. ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಕಾಫಿಗೆ ಕೂತಾಗ ನಾವು ಹವಾಮಾನ ಕೇಳುವ ಹಾಗೆ ಕೇಳುತ್ತಿದ್ದೆವು: “ಏನೇ ವರ್ನಾ, ಇವತ್ತು ಯಾವ ಕಡೆ ಗಾಳಿ?”

“ನಗ್ರೇ ನಗ್ರಿ,” ಎನ್ನುವಳು. “ನಿಮ್ಮ ಕಪಾಟು ನೋಡಿದೀನಿ ನಾನು.”

ಕೊನೆಗೂ ಒಂದು ಮೇ ತಿಂಗಳ ಶನಿವಾರ ಹಾರ್ಲನ್ ಗೆದ್ದ. ಏಕೆಂದರೆ ಆ ವಾರ ರೊವೀನಾ ಪ್ರವಾಸ ಹೋಗಿದ್ದಳು, ಕಿವೆಲಾನಿಗೆ ಗಂಟಲು ಕಟ್ಟಿತ್ತು. ಹಳೆಯ ವರ್ನಾ ಮರಳಿ ಬಂದಳು. ಮಧ್ಯಾಹ್ನದೊಳಗೆ ಎಲ್ಲ ಬಾಗಿಲುಗಳನ್ನೂ ಬಿಚ್ಚಿ ಗ್ಯಾರೇಜಿಗೆ ಸಾಗಿಸಿದಳು. ಹಾರ್ಲನ್ ಉಜ್ಜುವ ಯಂತ್ರ ಹಿಡಿದು ಕನ್ನಡಕ ಏರಿಸಿಕೊಂಡು ಸಿದ್ಧನಾದ. ಅಷ್ಟರಲ್ಲಿ ಗಂಟಲಿಗೆ ಮಫ್ಲರ್ ಸುತ್ತಿಕೊಂಡ ಕಿವೆಲಾ ಓಣಿಯಲ್ಲಿ ಟ್ರಕ್ಕು ನಿಲ್ಲಿಸಿ, ದನಿ ಇಲ್ಲದ್ದಕ್ಕೆ ಎರಡು ಕೈಯನ್ನೂ ಗಾಳಿಗಿರಣಿಯ ಹಾಗೆ ಬೀಸುತ್ತ ಓಡಿಬಂದ.

“ನಿಲ್ಸಿ! ಆ ಹಸಿರು ಯಾವ ಕಾಲದ್ದು? ಅದರಲ್ಲಿ ಸೀಸ ಇರಬಹುದು, ಉಜ್ಜಿದ್ರೆ ಆ ದೂಳು ವಿಷ,” ಎಂದು ಪಿಸುಗುಟ್ಟಿದ.

“ನಲವತ್ತು ವರ್ಷದಿಂದ ಇದೇ ಅಡುಗೆಮನೇಲಿ ಉಣ್ತಾ ಇದೀನಪ್ಪ. ನನಗೇನಾಗಿದೆ?” ಎಂದ ಹಾರ್ಲನ್.

“ಅದನ್ನ ನಾನು ಹೇಳ್ಬೇಕಾ?” ಎಂದಳು ವರ್ನಾ. ಆದರೆ ಯಂತ್ರದ ತಂತಿಯನ್ನು ಕಿತ್ತಳು. ಹಾರ್ಡ್‌ವೇರ್ ಅಂಗಡಿಯಿಂದ ತಂದ ಪರೀಕ್ಷೆಯ ಕಡ್ಡಿಯನ್ನು ಒಂದು ಬಾಗಿಲ ಗೀರಿಗೆ ಒತ್ತಿದರು. ಕಡ್ಡಿಯ ತುದಿ ಕೆಂಪಾಯಿತು. ಸೀಸ ಇತ್ತು. ಮಗಳು ತನ್ನ ಪುಟ್ಟ ಹೆಣ್ಣುಮಗುವನ್ನು ವಾರಕ್ಕೊಮ್ಮೆ ತಂದು ಬಿಡುತ್ತಿದ್ದಳು. ಅದು ಅಡುಗೆಮನೆಯ ನೆಲದ ಮೇಲೆಯೇ ಅಂಬೆಗಾಲಿಟ್ಟು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸಿನದು. ಉಜ್ಜಿದ ದೂಳು ಎಲ್ಲೆಲ್ಲಿ ಕೂರುತ್ತಿತ್ತೋ ಎಂದು ನೆನೆದು ವರ್ನಾ ಗ್ಯಾರೇಜಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

“ಉಜ್ಜದೆ, ಜಿಡ್ಡು ಒರೆಸಿ ಮೇಲೇ ಬಳಿದ್ರೆ?” ಎಂದ ಹಾರ್ಲನ್, ಇನ್ನೂ ಆಸೆ ಬಿಡದೆ.

“ಬಾಗಿಲು ಚೌಕಟ್ಟಿಗೆ ಉಜ್ಜೋ ಕಡೆಯೆಲ್ಲ ಮತ್ತೆ ಸಿಪ್ಪೆ ಏಳುತ್ತೆ,” ಎಂದ ಕಿವೆಲಾ.

ಹೀಗೆ ಬಾಗಿಲುಗಳು ಪ್ಲಾಸ್ಟಿಕ್ ಹೊದ್ದು ಗ್ಯಾರೇಜಿನಲ್ಲಿ ಮಲಗಿದವು. ಮೊಮ್ಮಗುವಿನ ಆಟ ಮುಂದಿನ ಕೋಣೆಗೆ ವರ್ಗವಾಯಿತು. ಮುಂದೇನು ಎಂಬ ಪ್ರಶ್ನೆ ಮತ್ತೆ ಹಳೆಯ ಜಾಗಕ್ಕೇ ಬಂದು ನಿಂತಿತು. ಕಪಾಟುಗಳು ಬಾಯಿ ಬಿಟ್ಟುಕೊಂಡು ನಿಂತವು.

ಆ ಮಂಗಳವಾರ ನಾನು ಸಕ್ಕರೆ ಕೇಳುವ ನೆಪದಲ್ಲಿ ನೋಡಲು ಹೋದೆ. ಒಲೆಯ ಮೇಲಿನ ಸಾಲಿನಲ್ಲಿ, ಎಲ್ಲಕ್ಕಿಂತ ಮುಂದೆ, ನೀಲಿ ಮುಚ್ಚಳದ ಒಂದು ಗಾಜಿನ ಪಾತ್ರೆ ನನ್ನನ್ನೇ ನೋಡುತ್ತಿತ್ತು. ವರ್ನಾಳ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಾಗ ಅದರ ತುಂಬ ಮಾಂಸ, ಬಟಾಣಿ, ಮೇಲೆ ಗರಿಗರಿ ಆಲೂಗಡ್ಡೆ ಹಾಸಿ ಬೇಯಿಸಿದ ಹಾಟ್‌ಡಿಶ್ ಕೊಟ್ಟುಬಂದಿದ್ದೆ. ಕಳೆದೇಹೋಯಿತು ಎಂದು ಅಷ್ಟು ಹೊತ್ತಿಗೆ ನಾನು ಬೇರೊಂದು ಕೊಂಡಿದ್ದೆ.

“ವರ್ನಾ,” ಎಂದೆ, “ಆ ಪಾತ್ರೆ ಚೆನ್ನಾಗಿದೆ. ಎಲ್ಲಿ ಸಿಕ್ತು?”

ಅವಳು ತಿರುಗಿ ನೋಡಿದಳು. ಕಿವಿಯಿಂದ ಶುರುವಾದ ಕೆಂಪು ಕುತ್ತಿಗೆಗೆ ಇಳಿಯಿತು. “ಅದಾ? ಅದು ಮೊದ್ಲಿಂದ್ಲೂ ಇತ್ತು ಕೋರಾ.”

ನಾನು ಪಾತ್ರೆ ಇಳಿಸಿ ತಳ ತಿರುಗಿಸಿದೆ. ನಮ್ಮಲ್ಲಿ ಚರ್ಚಿಗೆ, ಸಾವಿನ ಮನೆಗೆ, ಬಾಣಂತಿಯ ಮನೆಗೆ ಪಾತ್ರೆ ಕೊಡುವಾಗ ತಳಕ್ಕೆ ಪಟ್ಟಿ ಅಂಟಿಸಿ ಹೆಸರು ಬರೆಯುತ್ತೇವೆ. ನನ್ನ ಹೆಸರು ಅಲ್ಲೇ ಇತ್ತು.

“ಅಯ್ಯೋ ದೇವರೇ,” ಎಂದಳು ವರ್ನಾ.

ಇದು ನಗೆಯ ಸಂಗತಿ ಏಕಾಯಿತೆಂದರೆ, ಚರ್ಚಿನ ಅಡುಗೆಮನೆಯ ಯಜಮಾನಿಕೆ ವರ್ನಾಳದು. ವರ್ಷಕ್ಕೊಮ್ಮೆ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, “ಚರ್ಚಿನ ಪಾತ್ರೆ ಮನೇಗೆ ಒಯ್ದವರು ವಾಪಸ್ ತಂದಿಡಿ, ದೇವರು ನೋಡ್ತಾ ಇರ್ತಾನೆ,” ಎಂದು ನಮ್ಮನ್ನೆಲ್ಲ ಗದರುತ್ತಿದ್ದವಳು ಅವಳೇ. ನಾವಿಬ್ಬರೂ ಆಮೇಲೆ ಒಂದೊಂದೇ ಪಾತ್ರೆಯ ತಳ ತಿರುಗಿಸಿದೆವು. ಓಣಿಯ ಹೆಂಗಸರೆಲ್ಲರ ಹೆಸರೂ ಸಿಕ್ಕಿತು. ಪಾದ್ರಿಗಳ ಹೆಂಡತಿಯ ಕಡುಬಿನ ತಟ್ಟೆ ಸಿಕ್ಕಿತು. ಊರು ಬಿಟ್ಟೇ ಹೋದವರ ಮುಚ್ಚಳಗಳೂ ಸಿಕ್ಕವು.

“ಕದ್ದಿದ್ದಲ್ಲ ಕಣೆ,” ಎಂದಳು ವರ್ನಾ, ಅಳುವೋ ನಗುವೋ ತಿಳಿಯದ ದನಿಯಲ್ಲಿ. “ಖಾಲಿ ಪಾತ್ರೆ ಹಿಂದಕ್ಕೆ ಕೊಡೋ ಹಾಗಿಲ್ವಲ್ಲ. ಏನಾದ್ರೂ ಮಾಡಿ ತುಂಬಿ ಕೊಡೋಣ ಅಂತ ಎತ್ತಿಡ್ತಿದ್ದೆ. ಬಾಗಿಲು ಮುಚ್ಚಿದ ಮೇಲೆ ಮರ್ತೇ ಹೋಗ್ತಿತ್ತು.”

“ಪೊಲೀಸರಿಗೂ ಇದನ್ನೇ ಹೇಳು.”

ನಾನು ಯಾರಿಗೂ ಹೇಳಲಿಲ್ಲ. ಪಕ್ಕದ ಮನೆಯ ಜಾರ್ಜಿಯಾಗೆ ಮಾತ್ರ ಹೇಳಿದೆ. ಶುಕ್ರವಾರದೊಳಗೆ ಅರ್ಧ ಚರ್ಚು “ಕಪಾಟಿಗೆ ಯಾವ ಬಣ್ಣ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ” ಎಂದು ವರ್ನಾಳ ಬಾಗಿಲು ತಟ್ಟಿತು. ಬಂದವರೆಲ್ಲ ಕತ್ತೆತ್ತಿ ಸಾಲು ಸಾಲಾಗಿ ತಮ್ಮ ಪಾತ್ರೆ ಹುಡುಕುವವರೇ. ಹಾರ್ಲನ್ ಕಾಫಿ ಕಾಯಿಸಿ ಕಾಯಿಸಿ ಸುಸ್ತಾದ. “ಟಿಕೆಟ್ ಇಡಬಹುದಿತ್ತು,” ಎಂದ ನನ್ನ ಕಿವಿಯಲ್ಲಿ.

ಬೇರೆಯವಳಾಗಿದ್ದರೆ ಕಪಾಟಿಗೆ ಪರದೆ ಕಟ್ಟಿ ಒಳಗೆ ಕೂರುತ್ತಿದ್ದಳು. ವರ್ನಾ ಒಂದು ದಿನ ಮಂಕಾಗಿದ್ದಳು, ಮರುದಿನ ತೋಳು ಮಡಿಸಿದಳು. ಪಾತ್ರೆಯನ್ನು ಯಾರ ಕೈಗೂ ಹಾಗೇ ಕೊಡಲು ಒಪ್ಪಲಿಲ್ಲ. “ತುಂಬಿಸಿಯೇ ಕೊಡ್ತೀನಿ. ಎಷ್ಟು ವರ್ಷ ಕಾದಿದೀರಿ, ಇನ್ನೊಂದು ವಾರ ಕಾಯಿರಿ.” ಆ ಬೇಸಿಗೆಯಿಡೀ ಓಣಿಯಲ್ಲಿ ಬೆಣ್ಣೆಯ ವಾಸನೆ. ರೂಬಾರ್ಬ್ ಎಂಬ ಹುಳಿ ದಂಟಿನ ಕಡುಬು, ದಾಲ್ಚಿನ್ನಿ ಉದುರಿಸಿದ ಅಕ್ಕಿಪಾಯಸ, ಕಾಡಕ್ಕಿಯ ಹಾಟ್‌ಡಿಶ್. ಬಸ್ಸಿನ ದಾರಿ ಹಿಡಿದ ಹಾಗೆ ಮನೆಯಿಂದ ಮನೆಗೆ ಕಾರು ನಿಲ್ಲಿಸುತ್ತ, ಪ್ರತಿ ಬಾಗಿಲಲ್ಲೂ ಬೈಗುಳ ತಿಂದು, ಕಾಫಿ ಕುಡಿದು ಬರುತ್ತಿದ್ದಳು.

ಒಂದು ಪಾತ್ರೆಯನ್ನು ಮಾತ್ರ ಅವಳು ಬಹಳ ದಿನ ಮುಟ್ಟಲಿಲ್ಲ. ಕಂದು ಬಣ್ಣದ ಪಿಂಗಾಣಿಯದು. ತಳದಲ್ಲಿ ಓರೆ ಅಕ್ಷರದಲ್ಲಿ ‘ಸಿಗ್ನೆ ಔನೆ’ ಎಂದಿತ್ತು. ಸಿಗ್ನೆ ತೀರಿಕೊಂಡು ಆಗಲೇ ಎರಡು ವರ್ಷ. ಅವಳ ಗಂಡ ರೋಲ್ಫ್ ಮೇಲಿನ ರಸ್ತೆಯ ಮನೆಯಲ್ಲಿ ಒಬ್ಬನೇ ಇದ್ದ. ಚರ್ಚಿಗೆ ಬರುವುದನ್ನೂ ಬಿಟ್ಟಿದ್ದ.

“ನೀನೂ ಬಾ ಕೋರಾ,” ಎಂದಳು ಒಂದು ದಿನ. “ಈ ಮನೆಗೆ ಒಬ್ಬಳೇ ಹೋಗೋಕೆ ಆಗಲ್ಲ.”

ಬಸ್ಸು ಬೇಲಿಗೆ ನುಗ್ಗಿಸಿದವಳು ಆ ಬಾಗಿಲು ತಟ್ಟುವ ಮೊದಲು ಎರಡು ಸಲ ಮೆಟ್ಟಿಲು ಹತ್ತಿ ಇಳಿದಳು. ರೋಲ್ಫ್ ಬಾಗಿಲು ತೆರೆದ. ವರ್ನಾ ಬರುವ ದಾರಿಯಲ್ಲಿ ಹೇಳಲು ಕಟ್ಟಿಕೊಂಡಿದ್ದ ಮಾತೆಲ್ಲ ಬಿಟ್ಟು, “ಇದು ಸಿಗ್ನೆದು. ನಾನು ಕೊಡೋದು ಮರೆತೆ. ತಪ್ಪಾಯ್ತು,” ಎಂದು ಪಾತ್ರೆ ಮುಂದೆ ಚಾಚಿದಳು. ಒಳಗೆ ಬಿಸಿ ಅಕ್ಕಿಪಾಯಸವಿತ್ತು. ರೋಲ್ಫ್ ಪಾತ್ರೆಯನ್ನು ತಲೆಯ ಮಟ್ಟಕ್ಕೆ ಎತ್ತಿ ತಳವನ್ನು ನೋಡಿದ. ಬೆರಳಿನಿಂದ ಆ ಹೆಸರನ್ನು ಒಮ್ಮೆ ಸವರಿದ. ಅಷ್ಟರಲ್ಲಿ ಪಾತ್ರೆ ಓರೆಯಾಗಿ ಪಾಯಸ ಅವನ ತೋಳಿನ ಮೇಲೆ ಇಳಿಯತೊಡಗಿತ್ತು.

“ರೋಲ್ಫ್, ಪಾಯಸ!” ಎಂದೆ.

“ಗೊತ್ತು,” ಎಂದ. ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. “ಅವಳು ಈ ಪಾತ್ರೆ ಹುಡುಕಿ ಹುಡುಕಿ ನನ್ನ ಮೇಲೆ ಗುಮಾನಿಪಟ್ಟಿದ್ಲು. ನಾನೇ ಒಡೆದು ಬಚ್ಚಿಟ್ಟಿದೀನಿ ಅಂತ. ಕೊನೇವರೆಗೂ ನಂಬ್ಲಿಲ್ಲ.”

“ಅಯ್ಯೋ, ಗಂಡ ಹೆಂಡ್ತಿ ಮಧ್ಯೆ ಜಗಳ ಬೇರೆ ತಂದಿಟ್ನಾ ನಾನು?”

“ದೊಡ್ಡದೇ ತಂದಿಟ್ಟೆ. ಒಳಗೆ ಬನ್ನಿ ಇಬ್ರೂ.”

ನಾವು ಮೂವರೂ ಅದೇ ಪಾತ್ರೆಯಿಂದ ಪಾಯಸ ತಿಂದೆವು. ರೋಲ್ಫ್ ಆ ಜಗಳದ ಕಥೆಯನ್ನು ಹೆಂಡತಿಯ ದನಿಯಲ್ಲೇ ಹೇಳಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಸಿಗ್ನೆ ಇದ್ದಾಗಲೂ ಕೇಳಿರಲಿಲ್ಲ. ಮುಂದಿನ ಭಾನುವಾರ ಅವನು ಚರ್ಚಿನ ಹಿಂದಿನ ಸಾಲಿನಲ್ಲಿ ಕೂತಿದ್ದ.

ಆಗಸ್ಟ್ ಬರುವಷ್ಟರಲ್ಲಿ ವರ್ನಾಳ ಕಪಾಟು ಅರ್ಧ ಖಾಲಿ. ಖಾಲಿಯಾದ ಮೇಲೆಯೇ ಅವಳಿಗೆ ತನ್ನ ಅಡುಗೆಮನೆ ಕಂಡದ್ದು. ಊಟದ ಕೋಣೆಗೂ ಅಡುಗೆಮನೆಗೂ ನಡುವೆ ಚಾವಣಿಯಿಂದ ತೂಗುತ್ತಿದ್ದ ಒಂದು ಸಾಲು ಕಪಾಟಿನಲ್ಲಿ ಅವಳ ಸ್ವಂತದ್ದೆಂದು ಉಳಿದದ್ದು ಒಂದು ಮೀನಿನ ತಟ್ಟೆ ಮಾತ್ರ. ಅದೂ ಯಾರದೋ ಎಂದು ನನಗಿನ್ನೂ ಅನುಮಾನ. ಅವಳು ಕಿವೆಲಾನನ್ನು ಕರೆಸಿದಳು. ಈ ಸಲ ಯಾರ ಮಾತನ್ನೂ ಕೇಳುವ ಮೊದಲೇ ತಾನು ಮಾತಾಡಿದಳು.

“ಈ ನೇತಾಡೋ ಸಾಲು ಬೇಡ, ಕಿತ್ತು ಹಾಕಿ. ಉಳಿದಿದ್ದು ಇದ್ದ ಕಡೆಯೇ ಇರ್ಲಿ, ನೀವು ಹೇಳಿದ ಹಾಗೆ ಹೊಸ ಮುಖ ಹಾಕಿ. ಬಾಗಿಲು ಬಣ್ಣ ಇಲ್ದೆ ತನ್ನಿ, ಹಾರ್ಲನ್ ಬಳೀತಾನೆ. ಇಲ್ದಿದ್ರೆ ಅವನು ಸಾಯೋವರೆಗೂ ಅದನ್ನೇ ಹೇಳ್ತಾ ಇರ್ತಾನೆ.”

ಕಿವೆಲಾ ಬಾಯಿ ತೆರೆದ. “ನನ್ನ ಭಾವನ ಮನೇಲಿ…”

“ಭಾವ ಚೆನ್ನಾಗಿರ್ಲಿ. ಯಾವತ್ತು ಶುರು?”

ಅವನು ಪ್ಲಾಸ್ಟಿಕ್ ಪರದೆ ಕಟ್ಟಿ, ಮುಖಕ್ಕೆ ಮುಸುಕು ಹಾಕಿ, ಹಳೆಯ ಬಣ್ಣವನ್ನು ಒದ್ದೆ ಮಾಡಿ ಮಾಡಿ ಕೆರೆದ. ಸೀಸದ ಬಾಗಿಲುಗಳನ್ನು ಸುತ್ತಿ ತಾನೇ ಸಾಗಿಸಿದ. ನೇತಾಡುವ ಸಾಲು ಕೀಳುವ ದಿನ ಮಾತ್ರ ಅವನ ಮಾತು ನಿಂತಿತು. ಹಾರ್ಲನ್‌ನ ಚಿಕ್ಕಪ್ಪನಿಗೆ ಮೊಳೆಯ ಮೇಲೆ ಅಪಾರ ನಂಬಿಕೆಯಿದ್ದಂತೆ ಕಾಣುತ್ತದೆ. ಒಂದು ಸಾಕಾಗುವ ಕಡೆ ಹಿಡಿ ತುಂಬ ಹೊಡೆದಿದ್ದ. ಕೊನೆಗೆ ಕಪಾಟು ಇಳಿಯಿತು, ಜೊತೆಗೆ ಚಾವಣಿಯ ಗಾರೆಯೂ ಒಂದು ಹಾಸಿಗೆಯಷ್ಟು ಇಳಿಯಿತು. ಕಿವೆಲಾ ಬಿಳಿ ದೂಳಿನಲ್ಲಿ ಮಿಂದು ನಿಂತು, “ಎಲ್ಲಾ ಕಿತ್ತಿದ್ರೆ ಮನೆಯೇ ಬರ್ತಿತ್ತು,” ಎಂದ. ಚಾವಣಿಗೆ ಗಾರೆ ಮೆತ್ತಲು ತನ್ನ ಭಾವನನ್ನು ಕರೆತಂದ. ಹೀಗೆ ನಾವೆಲ್ಲ ಆ ಭಾವನನ್ನು ಕಂಡೆವು. ಪಾಪ, ಒಂದೂ ಮಾತಾಡದ ಮನುಷ್ಯ.

ಹಾರ್ಲನ್‌ನ ಬಣ್ಣದ ಕೆಲಸಕ್ಕೆ ಪ್ರತ್ಯೇಕ ಅಧ್ಯಾಯವೇ ಬೇಕು. ಹೊಸ ಬಾಗಿಲುಗಳು ಬಂದದ್ದು ಅಕ್ಟೋಬರ್ ಕೊನೆಗೆ. ಅವನು ಬಿಸಿ ಇಲ್ಲದ ಗ್ಯಾರೇಜಿನಲ್ಲಿ, ಕೋಟು ತೊಟ್ಟು, ದಪ್ಪಗೆ ಬಳಿದ. ಆ ಚಳಿಯಲ್ಲಿ ಬಣ್ಣ ಒಣಗಲು ಒಪ್ಪಲಿಲ್ಲ. ಅವನು ದಿನಕ್ಕೆರಡು ಸಲ ಹೋಗಿ ಬೆರಳಿಟ್ಟು ನೋಡುವುದು, ಬೆರಳಚ್ಚು ಮೂಡುವುದು, ಅದರ ಮೇಲೆ ಮತ್ತೆ ಬಳಿಯುವುದು.

“ಸುಮ್ನೆ ಇರೋಕೆ ಆಗಲ್ವಾ ನಿನಗೆ?” ಎಂದಳು ವರ್ನಾ.

“ಒಣಗಿದ್ಯಾ ಅಂತ ನೋಡ್ಬೇಡ್ವಾ?”

“ನೀನು ನೋಡೋದು ಬಿಟ್ರೆ ಒಣಗುತ್ತೆ!”

ಕೊನೆಗೆ ಬಾಗಿಲುಗಳನ್ನು ಬೆಚ್ಚಗಿನ ಮಲಗುವ ಕೋಣೆಗೆ ತಂದು ಗೋಡೆಗೆ ಒರಗಿಸಿದರು. ಗಂಡ ಹೆಂಡತಿ ಮುಂದಿನ ಕೋಣೆಯ ಸೋಫಾದಲ್ಲಿ ತಲೆಗೊಂದು ದಿಕ್ಕಾಗಿ ಮಲಗಿದರು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಬಾಗಿಲು ಕೂತವು. ಕೆನೆಯ ಬಣ್ಣ. ಒಂದರ ಮೂಲೆಯಲ್ಲಿ ಹಾರ್ಲನ್‌ನ ಹೆಬ್ಬೆರಳು ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ತೆಗೆಸಲು ವರ್ನಾ ಒಪ್ಪಿಲ್ಲ. ಕಳ್ಳ ಬಂದರೆ ಗುರುತು ಹೊಂದಿಸಿ ನೋಡಲು ಬೇಕಂತೆ.

ಹಬ್ಬದೂಟಕ್ಕೆ ರೊವೀನಾ ಬಂದಳು, ಕಿವೆಲಾನನ್ನೂ ಕರೆದಿದ್ದರು. ಖಾಲಿ ಜಾಗ ನೋಡಿ, “ನಾನು ಹೇಳಿರ್ಲಿಲ್ವಾ, ಕಿತ್ತು ಹಾಕು ಅಂತ?” ಎಂದಳು. ಹಾರ್ಲನ್ ಬಾಗಿಲು ಸವರಿ, “ಬಣ್ಣ ಬಳಿದ್ರೆ ಸಾಕು ಅಂತ ನಾನು ಮೊದ್ಲಿಂದ್ಲೂ ಹೇಳ್ತಿದ್ದೆ,” ಎಂದ. ಕಿವೆಲಾ ಏನು ಹೇಳಿದನೆಂದು ಬರೆಯುವಷ್ಟು ಕಾಗದ ನನ್ನಲ್ಲಿಲ್ಲ. ವರ್ನಾ ಮೂವರಿಗೂ ಹೌದೆಂದು ತಲೆಯಾಡಿಸಿ, ಮೂವರ ತಟ್ಟೆಗೂ ಟರ್ಕಿ ಕೋಳಿಯ ತುಂಡು ಹಾಕಿದಳು. ರೋಲ್ಫ್ ಕೂಡ ಇದ್ದ, ಅವನ ಪಾತ್ರೆಯಲ್ಲಿ ಅವನೇ ಬೇಯಿಸಿದ್ದ ಗೆಣಸು ತುಂಬಿಕೊಂಡು ಬಂದಿದ್ದ. ಗೆಣಸು ಸ್ವಲ್ಪ ಸೀದಿತ್ತು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು.

ನೇತಾಡುತ್ತಿದ್ದ ಸಾಲು ಹೋದ ಮೇಲೆ ಒಲೆಯ ಮುಂದೆ ನಿಂತರೆ ಊಟದ ಕೋಣೆಯ ಕಿಟಕಿ, ಕಿಟಕಿಯಾಚೆ ಗುಡ್ಡದ ಕೆಳಗಿನ ದೊಡ್ಡ ಸರೋವರ ನೇರವಾಗಿ ಕಾಣುತ್ತದೆ. ಅದಿರು ಸಾಗಿಸುವ ಉದ್ದನೆಯ ಹಡಗುಗಳು ಬಂದರಿಗೆ ಬಂದು ಹೋಗುವುದು ಕಾಣುತ್ತದೆ. ಇಷ್ಟು ವರ್ಷ ಕಣ್ಣೆಲ್ಲ ರಸ್ತೆಯ ಮೇಲಿದ್ದ ವರ್ನಾ ಅವುಗಳನ್ನು ಸರಿಯಾಗಿ ನೋಡಿಯೇ ಇರಲಿಲ್ಲವಂತೆ. ಈಗ ಆಲೂಗಡ್ಡೆ ಸುಲಿಯುತ್ತ ಸುಲಿಯುತ್ತ ಕೈ ನಿಂತುಬಿಡುತ್ತದೆ. ಹಾರ್ಲನ್ ಹಿಂದೆ ಬಂದು ನಿಲ್ಲುತ್ತಾನೆ. ಖಾಲಿ ಹಡಗೋ ತುಂಬಿದ್ದೋ ಎಂದು ಇಬ್ಬರೂ ವಾದ ಮಾಡುತ್ತಾರೆ. ಇಬ್ಬರಿಗೂ ಹಡಗಿನ ಗಂಧಗಾಳಿಯಿಲ್ಲ. ಮೊನ್ನೆ ಮಧ್ಯಾಹ್ನದ ಊಟಕ್ಕೆ ನನ್ನನ್ನು ಕರೆದಿದ್ದರು. ನಾನು ಹೋದಾಗ ಒಲೆ ಹೊತ್ತಿಸಿಯೇ ಇರಲಿಲ್ಲ.

“ಕೂತ್ಕೋ ಕೋರಾ,” ಎಂದಳು ವರ್ನಾ, ತಿರುಗದೆಯೇ. “ಒಂದು ಬರ್ತಾ ಇದೆ.”